ಪಿಕಪ್ ಲೋಡಿಗೆ ಹಗ್ಗವೋ, ರ್ಯಾಚೆಟ್ ಬೆಲ್ಟೋ?

ನಮ್ಮ ಪಿಕಪ್‌ನಲ್ಲಿ ಹೋಗುವುದು ಮುಖ್ಯವಾಗಿ ಎರಡು ಬಗೆಯ ಲೋಡು. ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ, ಆಗುಂಬೆ ಘಾಟಿ ಇಳಿದು ಹೆಬ್ರಿ ಕಡೆಗೆ ಪವರ್ ಟಿಲ್ಲರ್. ಎರಡಕ್ಕೂ ಹಗ್ಗ, ರ್ಯಾಚೆಟ್ ಬೆಲ್ಟ್ (ಹಲ್ಲಿನ ಹಿಡಿ ಆಡಿಸಿ ಬಿಗಿ ಮಾಡುವ ಪಟ್ಟಿ), ಸರಪಳಿ ಮೂರನ್ನೂ ಹಾಕಿ ನೋಡಿದ್ದೇನೆ.

ಮೂಟೆಗೆ ಹಗ್ಗವೇ ಸರಿ. ಉದ್ದದ ಹಗ್ಗವನ್ನು ಟಾರ್ಪಾಲ್ ಮೇಲೆ ಆ ಕಡೆ ಈ ಕಡೆ ಹಾಯಿಸಿ, ಒಂದೊಂದು ಕೊಕ್ಕೆಗೂ ಎಳೆದು ಕಟ್ಟಿದರೆ ಇಡೀ ಲೋಡು ಒಂದಾಗಿ ಕೂರುತ್ತದೆ. ಬೆಲ್ಟ್ ತಾನಿರುವ ಸಾಲನ್ನಷ್ಟೇ ಒತ್ತುತ್ತದೆ, ಪಕ್ಕದ ಮೂಟೆ ಉಬ್ಬಿ ಜಾರುತ್ತದೆ. ಆದರೆ ಅಗ್ಗದ ಪ್ಲಾಸ್ಟಿಕ್ ಹಗ್ಗ ಬೇಡ, ಬಿಸಿಲಿಗೆ ಎಳೆ ಎಳೆಯಾಗಿ ಉದುರುತ್ತದೆ. ನೈಲಾನ್ ಗಟ್ಟಿ, ಆದರೆ ಹಿಗ್ಗುತ್ತದೆ. ಮಳೆಗೆ ನೆನೆದರೆ ಇನ್ನೂ ಜಾಸ್ತಿ.

ಟಿಲ್ಲರ್ ವಿಷಯವೇ ಬೇರೆ. ಜೋರಾಗಿ ಬ್ರೇಕ್ ಹೊಡೆದಾಗ ಲೋಡು ತನ್ನ ತೂಕದ 80% ಬಲದಿಂದ ಮುಂದಕ್ಕೆ, ತಿರುವಿನಲ್ಲಿ 50% ಬಲದಿಂದ ಪಕ್ಕಕ್ಕೆ ನೂಕುತ್ತದೆ ಅಂತ ಯುರೋಪಿನಲ್ಲಿ ಲೆಕ್ಕ ಹಿಡಿಯುತ್ತಾರೆ. 400 ಕೆಜಿ ಟಿಲ್ಲರ್ ಅಂದರೆ ಮುಂದಕ್ಕೆ 320 ಕೆಜಿ. ಆಗುಂಬೆಯಲ್ಲಿ 14 ತಿರುವು ಇವೆ. ಅಲ್ಲಿ ನಾನು ಹಗ್ಗವನ್ನು ನಂಬುವುದಿಲ್ಲ. ಗಂಟು ಬಿದ್ದ ಕಡೆ ಹಗ್ಗದ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪಾಲಿಯೆಸ್ಟರ್ ಬೆಲ್ಟಿಗೆ ಗಂಟೇ ಬೇಡ, ಹಿಗ್ಗುವುದೂ ತೀರಾ ಕಡಿಮೆ.

ಬೆಲ್ಟನ್ನು ಟಿಲ್ಲರ್ ಮೇಲಿಂದ ಸುಮ್ನೆ ಹಾಯಿಸಿದರೆ ಅದು ಕೆಳಕ್ಕೆ ಒತ್ತುತ್ತದೆ ಅಷ್ಟೇ, ಚಕ್ರ ಉರುಳುವುದನ್ನು ತಡೆಯುವುದಿಲ್ಲ. ಪಿಕಪ್‌ನ ನಾಲ್ಕು ಮೂಲೆಯಿಂದ ಓರೆಯಾಗಿ ಟಿಲ್ಲರ್‌ನ ಚಾಸಿಗೆ ಕಟ್ಟಬೇಕು. ಹ್ಯಾಂಡಲಿಗೆ ಕೊಕ್ಕೆ ಹಾಕಲೇಬೇಡಿ, ಬಾಗುತ್ತದೆ. ಟೈರಿನ ಹಿಂದೆ ಮುಂದೆ ಮರದ ಬೆಣೆ ಇಡಿ. ಚೂಪಾದ ಅಂಚು ಬೆಲ್ಟನ್ನು ಕೊಯ್ಯುತ್ತದೆ, ಅಲ್ಲಿ ಹಳೇ ಟೈರಿನ ತುಂಡು ಸಿಕ್ಕಿಸಿ. ಎಷ್ಟು ಬಲ ತಡೆಯುತ್ತದೆ ಅಂತ ಚೀಟಿ ಹೊಲಿದಿರದ ಬೆಲ್ಟನ್ನು ಎಷ್ಟೇ ಅಗ್ಗವಾದರೂ ನಾನು ಕೊಳ್ಳುವುದಿಲ್ಲ.

ಸರಪಳಿ ಜೆಸಿಬಿಯಂಥ ದೊಡ್ಡ ಯಂತ್ರ ಸಾಗಿಸುವವರಿಗೆ ಬೇಕೇ ಬೇಕು. ಪಿಕಪ್‌ಗೆ ಅದರ ಭಾರವೇ ಹೊರೆ, ಬಣ್ಣವೂ ಕೆರೆದು ಹೋಗುತ್ತದೆ.

ಯಾವುದನ್ನೇ ಕಟ್ಟಿ, ಹೊರಟ ಸ್ವಲ್ಪ ದೂರಕ್ಕೇ ನಿಲ್ಲಿಸಿ ನೋಡಬೇಕು. ಮೂಟೆ ಕೂತ ಮೇಲೆ ಹಗ್ಗ ಸಡಿಲವಾಗೇ ಆಗುತ್ತದೆ, ಬಿಚ್ಚಿ ಮತ್ತೆ ಕಟ್ಟುವುದು ಇಬ್ಬರ ಕೆಲಸ. ಬೆಲ್ಟಾದರೆ ರ್ಯಾಚೆಟ್ಟಿನ ಒಂದೆರಡು ಹಲ್ಲು ಎಳೆದರೆ ಆಯಿತು. ಘಾಟಿ ಇಳಿಯುವ ಮುಂಚೆ ಆಗುಂಬೆಯಲ್ಲಿ ಇನ್ನೊಮ್ಮೆ ಇಳಿದು, ನಾಲ್ಕೂ ಬೆಲ್ಟನ್ನು ಕೈಯಿಂದ ಜಗ್ಗಿ ನೋಡಿ.