ಮೆರಿದಾದ ರೋಮನ್ ಕಲೆಯ ರಾಷ್ಟ್ರೀಯ ಸಂಗ್ರಹಾಲಯ: ಹಳೆಯ ರಾಜಧಾನಿಯ ಮೇಲೆ ಎದ್ದ ಇಟ್ಟಿಗೆಯ ಕಮಾನುಗಳು

ಸ್ಪೇನಿನ ನೈಋತ್ಯ ಭಾಗದಲ್ಲಿ, ಪೋರ್ಚುಗಲ್ ಗಡಿಗೆ ಸಮೀಪವಾಗಿ, ಗ್ವಾದಿಯಾನಾ ನದಿಯ ದಡದಲ್ಲಿರುವ ಮೆರಿದಾ ಇಂದು ಸುಮಾರು ಅರವತ್ತು ಸಾವಿರ ಜನರ ಊರು. ಎಕ್ಸ್ತ್ರೆಮದೂರಾ ಎಂಬ ಸ್ವಾಯತ್ತ ಪ್ರದೇಶದ ರಾಜಧಾನಿಯಾಗಿದ್ದರೂ, ಮಾದ್ರಿದ್, ಗ್ರನಾದಾ, ಸೆವಿಯಾಗಳನ್ನು ನೋಡಿ ಹಿಂದಿರುಗುವ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಇದರ ಹೆಸರು ಕಾಣುವುದು ಅಪರೂಪ. ರೋಮನ್ ಇತಿಹಾಸದಲ್ಲಿ ಆಸಕ್ತಿಯಿದ್ದವರು ಇಟಲಿಯ ಹೊರಗೆ ಒಂದೇ ಒಂದು ಊರನ್ನು ನೋಡಬಹುದೆಂದಾದರೆ ನಾನು ಈ ಊರನ್ನೇ ಸೂಚಿಸುತ್ತೇನೆ. ಇಲ್ಲಿ ರಂಗಮಂದಿರ, ಮಲ್ಲರಂಗ, ಸೇತುವೆ, ಮೇಲ್ಗಾಲುವೆ, ಕೆರೆ ಎಲ್ಲವೂ ಉಳಿದಿವೆ ಎಂಬುದು ಅದಕ್ಕೆ ಅರ್ಧ ಕಾರಣ. ಅವೆಲ್ಲವನ್ನೂ ಒಂದು ನಗರವಾಗಿ ಅರ್ಥಮಾಡಿಕೊಳ್ಳಲು ನೆರವಾಗುವ ರೋಮನ್ ಕಲೆಯ ರಾಷ್ಟ್ರೀಯ ಸಂಗ್ರಹಾಲಯ ಇಲ್ಲಿದೆ ಎಂಬುದು ಉಳಿದರ್ಧ.

ನಗರದ ಹುಟ್ಟು ಸ್ಪಷ್ಟವಾಗಿ ದಾಖಲಾಗಿದೆ. ಐಬೀರಿಯಾದ ಉತ್ತರ ಭಾಗದ ಕಾಂತಾಬ್ರಿಯನ್ನರ ವಿರುದ್ಧ ಹೋರಾಡಿ ಸೇವೆಯಿಂದ ಬಿಡುಗಡೆ ಹೊಂದಿದ ಸೈನಿಕರಿಗೆ ಭೂಮಿ ಕೊಟ್ಟು ನೆಲೆಗೊಳಿಸಬೇಕೆಂದು ಚಕ್ರವರ್ತಿ ಆಗಸ್ಟಸ್ ನಿರ್ಧರಿಸಿದ. ಅವನ ಪ್ರತಿನಿಧಿ ಪುಬ್ಲಿಯಸ್ ಕಾರಿಸಿಯಸ್ ಕ್ರಿ.ಪೂ. 25ರಲ್ಲಿ ಆಗಸ್ಟಾ ಎಮೆರಿತಾ ಎಂಬ ಹೆಸರಿನಲ್ಲಿ ಈ ವಸಾಹತನ್ನು ಸ್ಥಾಪಿಸಿದ. ಐದನೆಯ ಮತ್ತು ಹತ್ತನೆಯ ಲೀಜನ್ನುಗಳ (ರೋಮನ್ ಸೇನೆಯ ದೊಡ್ಡ ತುಕಡಿಗಳ) ಹಳೆಯ ಯೋಧರು ಇದರ ಮೊದಲ ನಾಗರಿಕರು. ಮುಂದೆ ಇದು ಲುಸಿತಾನಿಯಾ ಎಂಬ ರೋಮನ್ ಪ್ರಾಂತ್ಯದ ರಾಜಧಾನಿಯಾಯಿತು. ಆಧುನಿಕ ಮೆರಿದಾ ಬೆಳೆದದ್ದು ಈ ನಗರದ ಮೇಲೆಯೇ. ಆದ್ದರಿಂದ ಪಾಯ ತೋಡಿದಲ್ಲೆಲ್ಲ ಏನಾದರೊಂದು ಅವಶೇಷ ಸಿಗುವುದು ಇಲ್ಲಿ ಅಚ್ಚರಿಯ ಸಂಗತಿಯಲ್ಲ. 1993ರಲ್ಲಿ ಯುನೆಸ್ಕೊ ಈ ಪುರಾತತ್ವ ಸಮುಚ್ಚಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ದೊರೆತ ಶಿಲ್ಪಗಳನ್ನೂ ಶಾಸನಗಳನ್ನೂ ಒಂದೆಡೆ ಇಡುವ ಪ್ರಯತ್ನ ಹೊಸದೇನಲ್ಲ. 1838ರಲ್ಲೇ ಸಾಂತಾ ಕ್ಲಾರಾ ಕಾನ್ವೆಂಟಿನ ಚರ್ಚಿನಲ್ಲಿ ಒಂದು ಸಂಗ್ರಹ ಆರಂಭವಾಗಿತ್ತು. 1910ರಲ್ಲಿ ಪುರಾತತ್ವಜ್ಞ ಹೊಸೆ ರಮೋನ್ ಮೆಲಿದಾ ಅವರು ರಂಗಮಂದಿರದ ಉತ್ಖನನಕ್ಕೆ ಕೈಹಾಕಿದರು. ಅದುವರೆಗೆ ಆಸನಶ್ರೇಣಿಯ ಮೇಲ್ತುದಿಗಳು ಮಾತ್ರ ನೆಲದಿಂದ ಹೊರಚಾಚಿಕೊಂಡಿದ್ದು, ಊರಿನವರು ಅವನ್ನು 'ಏಳು ಕುರ್ಚಿಗಳು' ಎಂದು ಕರೆಯುತ್ತಿದ್ದರು. ಉತ್ಖನನ ಮುಂದುವರಿದಂತೆ ಸಿಕ್ಕ ವಸ್ತುಗಳ ಪ್ರಮಾಣಕ್ಕೆ ಹಳೆಯ ಚರ್ಚು ಸಾಲದಾಯಿತು. ನಗರಕ್ಕೆ ಎರಡು ಸಾವಿರ ವರ್ಷ ತುಂಬಿದ ಸಂದರ್ಭದಲ್ಲಿ, 1975ರಲ್ಲಿ, ಸಂಗ್ರಹಕ್ಕೆ ರಾಷ್ಟ್ರೀಯ ಸಂಗ್ರಹಾಲಯದ ಸ್ಥಾನ ದೊರೆಯಿತು. ವಾಸ್ತುಶಿಲ್ಪಿ ರಫಾಯೆಲ್ ಮೊನೆಯೊ ವಿನ್ಯಾಸಗೊಳಿಸಿದ ಈಗಿನ ಕಟ್ಟಡ 1986ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಹತ್ತು ವರ್ಷಗಳ ನಂತರ ಮೊನೆಯೊ ಅವರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವಗಳಲ್ಲೊಂದಾದ ಪ್ರಿಟ್ಜ್ಕರ್ ಪ್ರಶಸ್ತಿ ಬಂದಾಗ ಅವರ ಕೃತಿಗಳ ಪೈಕಿ ಹೆಚ್ಚಾಗಿ ನೆನಪಿಸಿಕೊಂಡವುಗಳಲ್ಲಿ ಇದೂ ಒಂದು.

ಕಟ್ಟಡವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಸಂಗ್ರಹಾಲಯದ ಗುಣವೂ ಮಿತಿಯೂ ಅಲ್ಲಿಂದಲೇ ಹುಟ್ಟುತ್ತವೆ. ಬೀದಿಯ ಕಡೆಯಿಂದ ನೋಡಿದರೆ ಎತ್ತರವಾದ ಇಟ್ಟಿಗೆಯ ಗೋಡೆ ಮತ್ತು ಅದಕ್ಕೆ ಆನಿಸಿದ ಭಾರಿ ಆಧಾರಗೋಡೆಗಳು ಮಾತ್ರ ಕಾಣುತ್ತವೆ. ಉಗ್ರಾಣವೆಂದೋ ಹಳೆಯ ಕಾರ್ಖಾನೆಯೆಂದೋ ಭಾವಿಸಿ ಮುಂದೆ ಹೋಗುವವರಿದ್ದರೆ ಆಶ್ಚರ್ಯವಿಲ್ಲ. ಒಳಗೆ ಇಳಿಜಾರಿನಲ್ಲಿ ಇಳಿದು ಮುಖ್ಯ ಹಜಾರವನ್ನು ಪ್ರವೇಶಿಸಿದ ಕೂಡಲೇ ಆ ಅನಿಸಿಕೆ ಬದಲಾಗುತ್ತದೆ. ಒಂದರ ಹಿಂದೆ ಒಂದರಂತೆ ನಿಂತ ಸಮಾನಾಂತರ ಗೋಡೆಗಳಲ್ಲಿ ಒಂದೇ ಅಳತೆಯ ಎತ್ತರದ ಕಮಾನುಗಳನ್ನು ತೆರೆದಿರುವುದರಿಂದ, ಕಮಾನಿನೊಳಗೆ ಕಮಾನು ಕಾಣುತ್ತ ನೋಟ ಹಜಾರದ ಕೊನೆಯವರೆಗೂ ಸಾಗುತ್ತದೆ. ಬೆಳಕು ಬರುವುದು ಬಹುಪಾಲು ಛಾವಣಿಯ ಗಾಜಿನಿಂದ. ಅದು ಗೋಡೆಗಳ ಮೇಲೆ ಜಾರಿ ಅಮೃತಶಿಲೆಯ ಮೇಲೆ ಬೀಳುವ ರೀತಿ ಬೆಳಗಿಗೊಂದು, ಮಧ್ಯಾಹ್ನಕ್ಕೊಂದು. ಶಿಲ್ಪಕ್ಕೆ ಹಗಲಿನ ಬೆಳಕು ಎಷ್ಟು ಮುಖ್ಯವೆಂಬುದು, ವಿದ್ಯುದ್ದೀಪದ ಕೆಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಮೂರ್ತಿಗಳನ್ನು ನೋಡಿ ಅಭ್ಯಾಸವಾದವರಿಗೆ ಇಲ್ಲಿ ಮನವರಿಕೆಯಾಗುತ್ತದೆ.

ಇಟ್ಟಿಗೆಗಳನ್ನೂ ಗಮನಿಸಬೇಕು. ಅವು ರೋಮನ್ನರ ಇಟ್ಟಿಗೆಯಂತೆ ಉದ್ದವಾಗಿ, ತೆಳ್ಳಗಿವೆ. ನಡುವಿನ ಗಾರೆ ಹೊರಗೆ ಕಾಣದಷ್ಟು ಒತ್ತಾಗಿ ಅವನ್ನು ಜೋಡಿಸಿ, ಗೋಡೆಯ ಒಡಲಿಗೆ ಕಾಂಕ್ರೀಟು ತುಂಬಲಾಗಿದೆ. ಎರಡು ಇಟ್ಟಿಗೆಯ ಮುಖಗಳ ನಡುವೆ ಕಾಂಕ್ರೀಟು ಸುರಿಯುವುದು ರೋಮನ್ನರದೇ ಪದ್ಧತಿ. ಆದರೆ ಮೊನೆಯೊ ಯಾವುದೇ ರೋಮನ್ ಕಟ್ಟಡದ ನಕಲು ಮಾಡಿಲ್ಲ. ಕಂಬದ ಶಿರವಾಗಲಿ ಅಲಂಕಾರದ ಪಟ್ಟಿಯಾಗಲಿ ಇಲ್ಲಿ ಒಂದೂ ಇಲ್ಲ. ಪುರಾತನ ವಸ್ತುಗಳಿಗೆ ಪುರಾತನ ವೇಷದ ಮನೆ ಕಟ್ಟುವ ಹಗುರ ಉತ್ಸಾಹವನ್ನು ಎಷ್ಟೋ ಕಡೆ ಕಂಡವನಿಗೆ ಈ ಸಂಯಮ ಬಹಳ ಹಿಡಿಸಿತು.

ಈ ಗೋಡೆಗಳು ಕೆಳಗೆ ಎಲ್ಲಿ ಊರಿವೆ ಎಂಬುದನ್ನು ನೆಲಮಾಳಿಗೆಗೆ ಇಳಿದು ನೋಡಬೇಕು. ಕಟ್ಟಡದ ನಿವೇಶನದಲ್ಲೇ ಹೊರಬಂದ ರೋಮನ್ ಮನೆಗಳ ತಳಪಾಯ, ಗೋರಿಗಳು, ಸಾನ್ ಲಾಸಾರೊ ಮೇಲ್ಗಾಲುವೆಯ ಒಂದು ಭಾಗ ಇವೆಲ್ಲ ಅಲ್ಲಿ ಇದ್ದಲ್ಲೇ ಉಳಿದಿವೆ. ಹೊಸ ಗೋಡೆಗಳನ್ನು ಹಳೆಯ ಗೋಡೆಗಳ ದಿಕ್ಕಿಗೆ ಹೊಂದಿಸದೆ, ಇಂದಿನ ಬೀದಿಯ ದಿಕ್ಕನ್ನು ಅನುಸರಿಸಿ ಓರೆಯಾಗಿ ಹಾಯಿಸಲಾಗಿದೆ. ಅದರಿಂದಾಗಿ ಎರಡು ಕಾಲದ ಗೋಡೆಗಳು ಪರಸ್ಪರ ಅಡ್ಡಹಾಯುತ್ತವೆ, ಮತ್ತು ಯಾವುದು ಅಂದಿನದು, ಯಾವುದು ಇಂದಿನದು ಎಂಬ ಗೊಂದಲಕ್ಕೆ ಎಡೆಯೇ ಇರುವುದಿಲ್ಲ. ಅವಶೇಷಗಳ ಮೇಲೆ ಕಟ್ಟುವುದು ಸರಿಯೇ ಎಂಬ ಪ್ರಶ್ನೆಯನ್ನು ಎತ್ತುವವರಿದ್ದಾರೆ, ಆ ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಆದರೆ ಸಂಗ್ರಹಾಲಯವೊಂದು ತಾನು ಹೇಳುವ ನಗರದ ನೆಲದ ಮೇಲೆಯೇ ನಿಂತಿರುವುದರಿಂದ ಬರುವ ಲಾಭ ಇಲ್ಲಿ ನಷ್ಟಕ್ಕಿಂತ ದೊಡ್ಡದು ಎಂದು ನನಗೆ ತೋರುತ್ತದೆ.

ಮುಖ್ಯ ಹಜಾರದಲ್ಲಿ ಮೊದಲು ನೋಡಬೇಕಾದವು ರಂಗಮಂದಿರದಿಂದ ಬಂದ ಶಿಲ್ಪಗಳು. ಬೀದಿಯಾಚೆ ಇರುವ ರಂಗಮಂದಿರವನ್ನು ಆಗಸ್ಟಸನ ಅಳಿಯ ಅಗ್ರಿಪ್ಪನ ಆಶ್ರಯದಲ್ಲಿ ಕ್ರಿ.ಪೂ. 16-15ರ ಹೊತ್ತಿಗೆ ಕಟ್ಟಲಾಯಿತು. ಸುಮಾರು ಆರು ಸಾವಿರ ಪ್ರೇಕ್ಷಕರಿಗೆ ಅಲ್ಲಿ ಸ್ಥಳವಿತ್ತು. ರಂಗದ ಹಿಂಬದಿಯಲ್ಲಿ ಕಂಬಗಳ ನಡುವೆ ಈಗ ನಿಂತಿರುವ ಮೂರ್ತಿಗಳು ಪ್ರತಿಕೃತಿಗಳು. ಮೂಲಗಳು ಇಲ್ಲಿವೆ: ಕುಳಿತ ಭಂಗಿಯ ಧಾನ್ಯದೇವತೆ ಸೆರೆಸ್, ಜೊತೆಗೆ ಪಾತಾಳದ ದೊರೆ ಪ್ಲೂಟೊ ಮತ್ತು ಅವನ ರಾಣಿ ಪ್ರೊಸೆರ್ಪಿನಾ. ಆದ್ದರಿಂದ ರಂಗಮಂದಿರವನ್ನು ಮೊದಲು ನೋಡಿ ಆಮೇಲೆ ಇಲ್ಲಿಗೆ ಬರುವುದು ಒಳ್ಳೆಯದು. ದೂರದಿಂದ, ಎತ್ತರದಲ್ಲಿ ಕಂಡ ಆಕೃತಿಯನ್ನು ಹತ್ತಿರದಿಂದ ನೋಡುವಾಗ ಸೆರೆಸಳ ಉಡುಪಿನ ಮಡಿಕೆಗಳನ್ನು ಶಿಲ್ಪಿ ಎಷ್ಟು ಆಳವಾಗಿ ಕೊರೆದಿದ್ದಾನೆ, ಏಕೆ ಹಾಗೆ ಕೊರೆದಿದ್ದಾನೆ ಎಂಬುದು ತಾನಾಗಿ ತಿಳಿಯುತ್ತದೆ.

ರಂಗಮಂದಿರದಲ್ಲೇ ದೊರೆತ ಆಗಸ್ಟಸನ ತಲೆ ಈ ಸಂಗ್ರಹದ ಅತ್ಯಂತ ಪ್ರಸಿದ್ಧ ವಸ್ತು. ಯಜ್ಞಕಾರ್ಯದಲ್ಲಿ ತೊಡಗಿದ ಮಹಾಪುರೋಹಿತನಂತೆ ತೊಟ್ಟ ವಸ್ತ್ರದ ಅಂಚನ್ನು ತಲೆಯ ಮೇಲೆ ಹೊದ್ದಿದ್ದಾನೆ. ಮುಖದಲ್ಲಿ ಜಯಶಾಲಿಯ ಬಿಂಕವಿಲ್ಲ, ತುಸು ದಣಿವಿದೆ. ಪ್ರಾಂತ್ಯದ ಮೂಲೆಯೊಂದರಲ್ಲಿ ಎಂದೂ ತನ್ನನ್ನು ಕಾಣದ ಜನರ ಮುಂದೆ ಚಕ್ರವರ್ತಿ ತನ್ನನ್ನು ಹೇಗೆ ನಿಲ್ಲಿಸಿಕೊಳ್ಳಬಯಸಿದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕಗಳಲ್ಲೂ ಸಿಗಲಾರದು. ನಗರದ ಫೋರಮ್ಮಿನಿಂದ, ಅಂದರೆ ಸಾರ್ವಜನಿಕ ಚೌಕದಿಂದ, ಬಂದ ಹಾವುಗೂದಲಿನ ಮೆಡೂಸಾ ಮತ್ತು ಟಗರುಕೊಂಬಿನ ದೇವರು ಜ್ಯೂಪಿಟರ್ ಅಮ್ಮೋನ್ ಮುಖಗಳ ವೃತ್ತಫಲಕಗಳು ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತವೆ. ಅವುಗಳ ಮಾದರಿ ರೋಮಿನಲ್ಲಿ ಆಗಸ್ಟಸ್ ಕಟ್ಟಿಸಿದ ಫೋರಮ್ಮು. ರಾಜಧಾನಿಯ ಅಲಂಕಾರವನ್ನು ಪ್ರಾಂತ್ಯದ ಪಟ್ಟಣ ತನ್ನ ಅಮೃತಶಿಲೆಯಲ್ಲಿ ಮತ್ತೆ ಕಡೆಸಿಕೊಂಡಿತು.

ಪೂರ್ವದೇಶದ ಮೂಲದ ದೇವರಾದ ಮಿಥ್ರನ ಆರಾಧನೆಗೆ ಸಂಬಂಧಿಸಿದ ಮೂರ್ತಿಗಳ ಗುಂಪು ಇನ್ನೊಂದು ವಿಶೇಷ. ಈಗ ಗೂಳಿಕಾಳಗದ ಅಖಾಡವಿರುವ ಸಾನ್ ಅಲ್ಬೀನ್ ದಿಣ್ಣೆಯಲ್ಲಿ ಇವು ಸಿಕ್ಕವು. ಮೈಗೆ ಹಾವು ಸುತ್ತಿಕೊಂಡ, ಎದೆಯ ಮೇಲೆ ಸಿಂಹದ ಮುಖವಿರುವ ಯುವಕ ಕಾಲದೇವತೆ. ಅವನ ಬಳಿ ಬಂಡೆಯ ಮೇಲೆ ವಿರಮಿಸಿರುವ, ದೇವತೆಗಳ ದೂತನಾದ ಮರ್ಕ್ಯುರಿಯ ಪಕ್ಕದಲ್ಲೊಂದು ತಂತಿವಾದ್ಯವಿದ್ದು, ಅದರ ಮೇಲೆ ಶಾಸನವಿದೆ. ಗಾಯಸ್ ಆಕ್ಸಿಯಸ್ ಹೆಡಿಕ್ರಸ್ ಎಂಬ ಪುರೋಹಿತ ಇದನ್ನು ಮಿಥ್ರನಿಗೆ ಅರ್ಪಿಸಿದ್ದು 'ವಸಾಹತಿನ 180ನೆಯ ವರ್ಷ', ಅಂದರೆ ಕ್ರಿ.ಶ. 155. ತಮ್ಮ ಊರು ಸ್ಥಾಪನೆಯಾದ ದಿನದಿಂದಲೇ ವರ್ಷಗಳನ್ನು ಎಣಿಸುವಷ್ಟು ಅಭಿಮಾನ ಇಲ್ಲಿಯವರಿಗೆ ಇತ್ತೆಂಬುದು ಈ ಒಂದು ಸಾಲಿನಿಂದ ತಿಳಿಯುತ್ತದೆ.

ದೇವರು, ದೊರೆಗಳಿಗಿಂತ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಸಾಮಾನ್ಯರ ಸಮಾಧಿಶಿಲೆಗಳು. ಹದಿನಾರನೆಯ ವಯಸ್ಸಿಗೆ ತೀರಿಕೊಂಡ ಲುತಾತಿಯಾ ಲುಪಾತಾ ಎಂಬ ಹುಡುಗಿಯನ್ನು ತಂತಿವಾದ್ಯ ನುಡಿಸುತ್ತಿರುವಂತೆ ಒಂದು ಕಲ್ಲಿನಲ್ಲಿ ಕಡೆದಿದ್ದಾರೆ. ಆ ಕಲ್ಲನ್ನು ನಿಲ್ಲಿಸಿದವಳು ಅವಳನ್ನು ಸಾಕಿದ ಲುತಾತಿಯಾ ಸೆವೆರಾ. ಇನ್ನೊಂದು ಕಲ್ಲು ಸೆಂತಿಯಾ ಅಮರಾಂತಿಸ್ ಎಂಬಾಕೆಯದು. ನಲವತ್ತೈದು ವರ್ಷ ಬದುಕಿದ ಆಕೆಯೊಡನೆ ಹದಿನೇಳು ವರ್ಷ ಸಂಸಾರ ಮಾಡಿದ ಗಂಡ ಸೆಂತಿಯಸ್ ವಿಕ್ಟರ್ ಅದನ್ನು ಮಾಡಿಸಿದ್ದಾನೆ. ಚಿತ್ರದಲ್ಲಿ ಆಕೆ ದೊಡ್ಡ ಪೀಪಾಯಿಯಿಂದ ಹೂಜಿಗೆ ದ್ರಾಕ್ಷಾರಸ ತುಂಬಿಸುತ್ತಿದ್ದಾಳೆ. ಹೆಂಡತಿಯನ್ನು ಅಲಂಕರಿಸಿ ಕೂರಿಸದೆ, ಕೆಲಸದಲ್ಲಿ ನಿರತಳಾದಂತೆಯೇ ನೆನಪಿಟ್ಟುಕೊಂಡ ಆ ಗಂಡನ ಮೇಲೆ ಗೌರವ ಮೂಡುತ್ತದೆ.

ಬಣ್ಣದ ಸಣ್ಣ ಹರಳುಗಳನ್ನು ಜೋಡಿಸಿ ಮಾಡಿದ ನೆಲಹಾಸುಗಳಾದ ಮೊಸಾಯಿಕ್‌ಗಳನ್ನು ಎತ್ತರದ ಗೋಡೆಗಳಿಗೆ ನೇರವಾಗಿ ಅಳವಡಿಸಲಾಗಿದೆ. ಲಾಸ್ ತಿಯೆಂದಾಸ್ ಎಂಬಲ್ಲಿನ ಹಳ್ಳಿಮನೆಯ ಹಂದಿಬೇಟೆಯ ದೃಶ್ಯವೂ, ಪಂದ್ಯ ಗೆದ್ದ ಸಾರಥಿ ಮಾರ್ಸಿಯಾನಸನ ಚಿತ್ರವೂ ನಾಲ್ಕನೆಯ ಶತಮಾನದವು; ಸಾರಥಿಯ ಒಂದು ಕುದುರೆಯ ಹೆಸರು ಇನ್‌ಲುಮಿನಾತೋರ್ ಎಂದು ಅಲ್ಲೇ ಬರೆದಿದೆ. ಮೇಲಿನ ಅಂತಸ್ತುಗಳ ಕಿರುಸೇತುವೆಗಳ ಮೇಲೆ ನಡೆಯುವಾಗ ಇವು ಕಣ್ಣಿನ ಮಟ್ಟದಲ್ಲಿ ಬರುತ್ತವೆ, ಹಜಾರದಿಂದ ತಲೆಯೆತ್ತಿ ನೋಡಿದರೆ ಇಡಿಯಾಗಿ ಕಾಣುತ್ತವೆ. ಕಾಲಡಿಯಲ್ಲಿ ಹಾಸಿದ್ದ ಚಿತ್ರವನ್ನು ನಿಲ್ಲಿಸಿ ತೋರಿಸುವುದರಿಂದ ಅದರ ಸ್ವಭಾವವೇ ಬದಲಾಗುತ್ತದೆಂಬ ತಕರಾರು ನನಗಿದೆ. ಕೋಣೆಯ ಸುತ್ತ ನಡೆಯುವವನಿಗೆಂದು ಜೋಡಿಸಿದ ಆಕೃತಿಗಳು ಗೋಡೆಯ ಮೇಲೆ ತಲೆಕೆಳಗಾಗಿಯೋ ಅಡ್ಡವಾಗಿಯೋ ನಿಲ್ಲುತ್ತವೆ. ಆದರೆ ಇಷ್ಟು ದೊಡ್ಡ ಹಾಸುಗಳನ್ನು ಬೇರೆ ಹೇಗೆ ತೋರಿಸಬಹುದಿತ್ತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಕಟ್ಟಡದ ಗಾತ್ರದಿಂದ ಸೊರಗುವುದು ಚಿಕ್ಕ ವಸ್ತುಗಳು. ಮೊದಲ ಅಂತಸ್ತಿನ ಮಣ್ಣಿನ ಪಾತ್ರೆ, ಗಾಜು, ಮೂಳೆಯ ಸೂಜಿ, ನಾಣ್ಯ ಇವುಗಳ ಮುಂದೆ ಕೂತು ನೋಡುವ ಮನಸ್ಸಿದ್ದರೂ ಪಕ್ಕದಲ್ಲೇ ತೆರೆದುಕೊಂಡ ಹಜಾರದ ವೈಭವ ಕಣ್ಣನ್ನು ಎಳೆಯುತ್ತಲೇ ಇರುತ್ತದೆ. ಬಹುತೇಕ ಸಂದರ್ಶಕರು ಇಲ್ಲಿ ಹೆಜ್ಜೆಯ ವೇಗ ಹೆಚ್ಚಿಸುತ್ತಾರೆ. ಇದು ನಷ್ಟವೇ ಸರಿ. ಎಮೆರಿತಾಕ್ಕೆ ತನ್ನದೇ ಟಂಕಸಾಲೆಯಿತ್ತು, ಕಾರಿಸಿಯಸನ ಹೆಸರಿನಲ್ಲಿ ಹೊರಟ ಬೆಳ್ಳಿಯ ದಿನಾರಿಯಸ್ ನಾಣ್ಯಗಳ ಮೇಲೆ ಎರಡು ಬಾಗಿಲುಗಳ ನಗರದ್ವಾರ ಕಾಣುತ್ತದೆ. ಕನ್ನಡಿಗರು ನಾಣ್ಯಗಳನ್ನು ಅವಸರದಲ್ಲಿ ದಾಟಬಾರದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮತ್ತು ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಇದೇ ಆಗಸ್ಟಸನ, ಅವನ ಉತ್ತರಾಧಿಕಾರಿ ಟೈಬೀರಿಯಸನ ಕಾಲದವು ಇವೆ. ಭಾರತಕ್ಕೆ ಬಂದ ಆ ಕಾಲದ ದಿನಾರಿಯಸ್‌ಗಳು ಹೆಚ್ಚಾಗಿ ಇಂದಿನ ಫ್ರಾನ್ಸಿನ ಲಿಯೋನ್ ಟಂಕಸಾಲೆಯವು, ಎಮೆರಿತಾದವಲ್ಲ. ಆದರೂ ಒಂದೇ ನಾಣ್ಯವ್ಯವಸ್ಥೆಯ ಪಶ್ಚಿಮದ ತುದಿಯಲ್ಲಿ ಈ ಊರೂ ಪೂರ್ವದ ಕಡೆ ನಮ್ಮ ನೆಲವೂ ಇದ್ದವೆಂಬುದು ನಿಜ.

ಸಂಗ್ರಹವನ್ನು ವಿಷಯಾನುಸಾರ ವಿಂಗಡಿಸಲಾಗಿದೆ: ಮನರಂಜನೆ, ಧರ್ಮ, ಶವಸಂಸ್ಕಾರ, ಮನೆ, ಫೋರಂ ಎಂದು. ಹೊಸಬರಿಗೆ ಇದು ಸುಲಭ. ಆದರೆ ಒಂದೇ ಮನೆಯಲ್ಲಿ ಒಟ್ಟಿಗಿದ್ದ ಗೋಡೆಚಿತ್ರ, ಪಾತ್ರೆ, ಪುಟ್ಟ ವಿಗ್ರಹಗಳು ಬೇರೆ ಬೇರೆ ಅಂತಸ್ತುಗಳಿಗೆ ಹಂಚಿಹೋಗುವುದರಿಂದ ಆ ಮನೆಯವರ ಬದುಕನ್ನು ಒಟ್ಟಾಗಿ ಕಲ್ಪಿಸಿಕೊಳ್ಳುವ ಭಾರ ನೋಡುಗರ ಮೇಲೆ ಬೀಳುತ್ತದೆ. ಮೊದಲೇ ಸ್ವಲ್ಪ ಓದಿಕೊಂಡು ಹೋದವರಿಗೆ ಮೂರು ಗಂಟೆ ಸಾಲದು, ಏನನ್ನೂ ಓದದೆ ಹೋದವರಿಗೆ ಒಂದು ಗಂಟೆಯೇ ಹೆಚ್ಚಾದೀತು.

ಪ್ರವೇಶ ಶುಲ್ಕ ಮೂರು ಯೂರೋ. ಶನಿವಾರ ಮಧ್ಯಾಹ್ನದ ನಂತರ ಮತ್ತು ಭಾನುವಾರ ಬೆಳಿಗ್ಗೆ ಉಚಿತ, ಸೋಮವಾರ ರಜೆ. ರಂಗಮಂದಿರ, ಮಲ್ಲರಂಗ ಮುಂತಾದ ಸ್ಮಾರಕಗಳಿಗೆ ಒಟ್ಟಾಗಿ ಕೊಡುವ ಟಿಕೆಟ್ಟಿನಲ್ಲಿ ಈ ಸಂಗ್ರಹಾಲಯ ಸೇರಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. ಬೇಸಿಗೆಯಲ್ಲಿ ಎಕ್ಸ್ತ್ರೆಮದೂರಾದ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗೆ ಹೆದರದು. ಜುಲೈ, ಆಗಸ್ಟಿನಲ್ಲಿ ಹೋಗುವವರು ಬೆಳಗಿನ ಹೊತ್ತಿನಲ್ಲಿ ಹೊರಗಿನ ಸ್ಮಾರಕಗಳನ್ನು ಮುಗಿಸಿ, ಬಿಸಿಲೇರಿದ ಮೇಲೆ ಸಂಗ್ರಹಾಲಯದ ಒಳಗೆ ಸೇರಿಕೊಳ್ಳಬೇಕು. 1933ರಲ್ಲಿ ಆರಂಭವಾದ ಶಾಸ್ತ್ರೀಯ ನಾಟಕೋತ್ಸವ ಅದೇ ತಿಂಗಳುಗಳಲ್ಲಿ ಪುರಾತನ ರಂಗದ ಮೇಲೆಯೇ ನಡೆಯುವುದರಿಂದ ರಾತ್ರಿಯನ್ನು ಅಲ್ಲಿ ಕಳೆಯಬಹುದು. ಮರುದಿನ ಬಿಡುವಿದ್ದರೆ ಸಾಂತಾ ಕ್ಲಾರಾದ ಹಳೆಯ ಚರ್ಚಿನಲ್ಲಿ ಉಳಿಸಿಕೊಂಡಿರುವ ವಿಸಿಗೋಥಿಕ್ ಕಾಲದ (ರೋಮನ್ನರ ನಂತರ ಸ್ಪೇನನ್ನು ಆಳಿದ ಜರ್ಮಾನಿಕ್ ಜನರ ಕಾಲದ) ಸಂಗ್ರಹವನ್ನೂ ನೋಡಬಹುದು. ರೋಮನ್ನರ ನಂತರ ಈ ನಗರ ಏನಾಯಿತೆಂಬ ಪ್ರಶ್ನೆಗೆ ಮುಖ್ಯ ಕಟ್ಟಡ ಕೊಡದ ಉತ್ತರದ ಒಂದು ಭಾಗ ಅಲ್ಲಿದೆ.