ತಿಳಿ ಬಣ್ಣದ ಸೋಫಾ ಇದ್ದವರು ಕುಶನ್ ಕವರ್ ಕೊಳ್ಳುವ ಮುಂಚೆ ಇದನ್ನು ಓದಿ

ನಮ್ಮ ಸೋಫಾದ ಬಲಗಡೆ, ಕೈ ಇಡುವ ಜಾಗದ ಹತ್ತಿರ, ಅಂಗೈಯಗಲದ ನೀಲಿ ಕಲೆ ಇದೆ. ಸೋಫಾ ತಂದು ಎರಡು ತಿಂಗಳೂ ಆಗಿಲ್ಲ. ಕೆನೆ ಬಣ್ಣದ್ದು. ಕಲೆ ಪೆನ್ನಿನ ಶಾಯಿಯದಲ್ಲ, ಮಕ್ಕಳ ಕೈಚಳಕವೂ ಅಲ್ಲ. ಅಂದಕ್ಕೆ ಅಂತ ನಾನೇ ತಂದು ಕೂರಿಸಿದ ದಿಂಬಿನದು.

ಬೇರೆ ಬೇರೆ ಬಣ್ಣದ, ಬೇರೆ ಬೇರೆ ಡಿಸೈನಿನ ದಿಂಬುಗಳನ್ನು ಬೆರೆಸಿ ಇಡುವುದು ಫೋಟೋದಲ್ಲಿ ಬಹಳ ಸುಲಭ ಅನಿಸುತ್ತದೆ. ಒಂದು ರಾತ್ರಿ ಮೊಬೈಲ್ ಹಿಡಿದು ಕೂತವಳು ಏಳು ಕವರ್ ಆರ್ಡರ್ ಮಾಡಿಯೇ ಎದ್ದೆ. ಕಡುನೀಲಿ ಅಚ್ಚಿನವು ಎರಡು, ಸಾಸಿವೆ ಹಳದಿ ಎರಡು, ದೊಡ್ಡ ಹೂವಿನದು, ಪಟ್ಟೆಯದು, ಕನ್ನಡಿ ಕೂರಿಸಿದ ಕಸೂತಿಯದು ಒಂದೊಂದು. ಬಿಡಿಬಿಡಿಯಾಗಿ ನೋಡಿದರೆ ಒಂದಕ್ಕೂ ಹೆಸರಿಡುವ ಹಾಗಿರಲಿಲ್ಲ. ಸಾಲಾಗಿ ಕೂರಿಸಿದ ಮೇಲೆ ನೋಡಬೇಕಿತ್ತು! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಹೂವೂ ದೊಡ್ಡದು, ನೀಲಿ ಅಚ್ಚೂ ದೊಡ್ಡದು. ಎರಡೂ ಒಂದೇ ಗಾತ್ರದ ಚಿತ್ತಾರವಾದ್ದರಿಂದ ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಹೂವಿನದನ್ನು ತೆಗೆದು ಒಳಗಿಟ್ಟೆ. ಪಟ್ಟೆಯದರಲ್ಲಿ ಅದೇ ನೀಲಿಯ ಒಂದು ಗೆರೆ ಇತ್ತು, ಅದನ್ನು ನೀಲಿಯ ಪಕ್ಕಕ್ಕೆ ತಂದೆ. ಅಷ್ಟಕ್ಕೇ ಅರ್ಧ ಗಲಾಟೆ ಅಡಗಿತು. ಇನ್ನು ಸಂಜೆ ಲೈಟ್ ಹಾಕಿದರೆ ಬೇರೆಯೇ ಕಥೆ. ನಮ್ಮ ಹಾಲಿನ ಬಲ್ಬು ಹಳದಿ ಬೆಳಕಿನದು, ಡಬ್ಬದ ಮೇಲೆ 2700 ಕೆಲ್ವಿನ್ ಅಂತ ಇರುತ್ತದಲ್ಲ, ಅದು. ಹಗಲಲ್ಲಿ ನೀಲಿಯಾಗಿದ್ದ ದಿಂಬು ಅದರಡಿ ಹೆಚ್ಚುಕಡಿಮೆ ಕಪ್ಪು. ನಾವು ಹಾಲಿನಲ್ಲಿ ಕೂರುವುದೇ ಸಂಜೆ ಮೇಲೆ.

ಕಸೂತಿಯದು ನೋಡಲಿಕ್ಕೆ ಮಾತ್ರ. ತಲೆಯಿಟ್ಟು ಹತ್ತು ನಿಮಿಷ ಮಲಗಿ ಎದ್ದರೆ ಕೆನ್ನೆಯ ಮೇಲೆ ಅದರ ಡಿಸೈನೆಲ್ಲ ಮೂಡಿರುತ್ತದೆ.

ಒಳಗೆ ತುಂಬುವ ದಿಂಬಿನಲ್ಲೂ ಎಡವಿದೆ. ಮನೆಯಲ್ಲಿದ್ದ ಹಳೆಯವು 16 ಇಂಚಿನವು, ಹೊಸ ಕವರ್ 18. ಎರಡು ಇಂಚು ತಾನೇ, ಏನಾಗುತ್ತೆ ಅಂದುಕೊಂಡೆ. ನಾಲ್ಕೂ ಮೂಲೆ ಖಾಲಿ ಜೇಬಿನ ಹಾಗೆ ಜೋತುಬಿದ್ದವು. ಲೆಕ್ಕ ಉಲ್ಟಾ ಅಂತ ಆಮೇಲೆ ಗೊತ್ತಾಯಿತು. ಒಳಗಿನ ದಿಂಬೇ ಕವರಿಗಿಂತ ಒಂದೆರಡು ಇಂಚು ದೊಡ್ಡದಿರಬೇಕು, ಆಗಲೇ ಅದು ಉಬ್ಬಿ ಮೂಲೆ ತುಂಬುವುದು. ಜಿಪ್ ಹಾಕುವಾಗ ಸ್ವಲ್ಪ ಕುಸ್ತಿ ಆಡಬೇಕಾಗುತ್ತದೆ, ಅಷ್ಟೇ.

ಇವೆಲ್ಲ ಸರಿಪಡಿಸಬಹುದಾದ ತಪ್ಪುಗಳು. ಕಲೆ ಹಾಗಲ್ಲ.

ಮೂರನೇ ವಾರವೋ ಏನೋ, ಧೂಳು ಕೊಡವಲು ನೀಲಿ ದಿಂಬು ಎತ್ತಿದೆ. ಕೆಳಗೆ ಮಬ್ಬು ನೀಲಿ. ನೆರಳು ಅಂದುಕೊಂಡು ದಿಂಬನ್ನು ಪಕ್ಕಕ್ಕಿಟ್ಟೆ, ನೆರಳು ಅಲ್ಲೇ ಉಳಿಯಿತು. ಗಾಬರಿಯಲ್ಲಿ ಬಿಸಿನೀರಿನ ಬಟ್ಟೆ ತಂದು ಗಸಗಸ ಉಜ್ಜಿದೆ. ಅದು ನಾನು ಮಾಡಿದ ಎರಡನೇ ಪೆದ್ದುತನ. ರೂಪಾಯಿಯಗಲ ಇದ್ದದ್ದು ಅಂಗೈಯಗಲ ಆಯಿತು. ಉಜ್ಜದೆ, ತಣ್ಣೀರಿನ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಬೇಕಿತ್ತಂತೆ.

ಮಾರಿದವರಿಗೆ ಫೋನ್ ಮಾಡಿದರೆ ಆ ಕಡೆಯಿಂದ ತಣ್ಣಗಿನ ಉತ್ತರ. "ಕಡು ಬಣ್ಣ ಮೇಡಂ, ಮೊದಮೊದಲು ಸ್ವಲ್ಪ ಬಿಡುತ್ತೆ. ಲೇಬಲ್ ನೋಡಿಲ್ವಾ?" ನೋಡಿದೆ. ಜಿಪ್ಪಿನ ಒಳಗೆ, ಹೊಲಿಗೆಗೆ ಸೇರಿಸಿ ಬೆರಳುಗುರಿನಷ್ಟು ಚೀಟಿ: ಬೇರೆಯಾಗಿ ಒಗೆಯಿರಿ. ಅಂದರೆ ಬಣ್ಣ ಬಿಡುತ್ತದೆ ಅಂತ ಅವರಿಗೆ ಮೊದಲೇ ಗೊತ್ತು. ಅದನ್ನು ಫೋಟೋದ ಕೆಳಗೆ ಬರೆಯಲು ಏನು ಕಷ್ಟವಿತ್ತು? ಅಷ್ಟರಲ್ಲಿ ನಾನು ಒಂದು ಕವರ್ ಒಗೆದೂ ಬಿಟ್ಟಿದ್ದೆ. ಒಗೆದದ್ದನ್ನು ವಾಪಸ್ ತಗೊಳ್ಳಲ್ಲ ಅಂದರು. ಅದು ಹತ್ತಿ ಬಟ್ಟೆ, ಒಂದು ಇಂಚು ಕುಗ್ಗಿತ್ತು ಬೇರೆ. ಒಳಗಿನ 16 ಇಂಚಿನ ದಿಂಬಿಗೆ ಈಗ ಹೆಚ್ಚುಕಡಿಮೆ ಸರಿಯಾಗಿದೆ, ನಗಬೇಕೋ ಅಳಬೇಕೋ.

ಇಂಡಿಗೋ ನೀಲಿ ನೂಲಿನ ಆಳಕ್ಕೆ ಇಳಿಯುವ ಬಣ್ಣವಲ್ಲ, ಬಹುಪಾಲು ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಹೊಸ ಜೀನ್ಸ್ ಹಾಕಿದ ದಿನ ಕೈಬೆರಳು ನೀಲಿಯಾಗುವುದು ಇದಕ್ಕೇ. ಒದ್ದೆಯೇ ಆಗಬೇಕೆಂದಿಲ್ಲ, ಒಣಗಿದ್ದಾಗಲೂ ತಿಕ್ಕಾಟ ಸಾಕು. ನಮ್ಮಲ್ಲಿ ಆ ಮೂಲೆಯಲ್ಲೇ ಎಲ್ಲರೂ ಒರಗಿ ಕೂರುವುದು. ಬೆವರು ಬೇರೆ. ಕಡುಗೆಂಪು, ಮರೂನ್, ಕಪ್ಪು ಬಟ್ಟೆಯನ್ನೂ ಸುಮ್ನೆ ನಂಬಬೇಡಿ.

ಕವರ್ ಬಂದ ತಕ್ಷಣ, ಸೋಫಾ ಮೇಲೆ ಇಡುವ ಮೊದಲೇ, ಒಂದು ಬಿಳಿ ಬಟ್ಟೆ ತಗೊಳ್ಳಿ. ಕವರಿನ ಒಳಮಗ್ಗುಲಲ್ಲಿ ಇಪ್ಪತ್ತು ಸಲ ಒಣಗಿದ್ದರಲ್ಲೇ ತಿಕ್ಕಿ. ಆಮೇಲೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಇನ್ನೊಂದು ಸಲ. ಬಣ್ಣ ಹತ್ತಿತೋ, ಒಗೆಯದೆ ಹಾಗೇ ಮಡಚಿ ವಾಪಸ್ ಕಳಿಸಿ. ಎರಡು ನಿಮಿಷದ ಕೆಲಸ.

ಈಗ ಕಲೆಯ ಮೇಲೆ ಸಾಸಿವೆ ಹಳದಿ ದಿಂಬು ಒರಗಿಸಿದ್ದೇನೆ. ಬಂದವರೆಲ್ಲ ಕೂರುವ ಮೊದಲು ಸರಿಯಾಗಿ ಅದನ್ನೇ ಎತ್ತಿ ಪಕ್ಕಕ್ಕಿಡುತ್ತಾರೆ.