ಮಡಿಕೇರಿ ಎಫ್‌ಎಂ 103.1: ಮಳೆಗಾಲದಲ್ಲಿ ಮಕ್ಕಳಿಗೆ ಸುದ್ದಿ ಕೇಳಿಸಲು ಎಷ್ಟು ಒಳ್ಳೆಯದು?

ಜುಲೈ ಬಂತೆಂದರೆ ಕೊಡಗಿನ ಶಾಲೆ ಮಕ್ಕಳಿಗೆ ದಿನದ ದೊಡ್ಡ ಸುದ್ದಿ ಒಂದೇ: ನಾಳೆ ರಜೆ ಉಂಟಾ? ಉತ್ತರ ಬರುವುದು ವಾಟ್ಸಾಪಿನಲ್ಲಿ, ಅದೂ ಎಷ್ಟೋ ಸಲ ಹಳೇ ವರ್ಷದ ಆದೇಶ. ಕರೆಂಟ್ ಹೋಗಿ, ಟವರೂ ಕೈಕೊಟ್ಟ ದಿನ ಅದೂ ಇಲ್ಲ. ಅಂಥ ದಿನಕ್ಕೆ ಮಡಿಕೇರಿ ಆಕಾಶವಾಣಿ ಮತ್ತು ಎರಡು ಪೆನ್ಸಿಲ್ ಸೆಲ್ಲಿನ ಸಣ್ಣ ರೇಡಿಯೋ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಸಿಗ್ನಲ್ಲಿನ ಮಾತು, ಹೆಚ್ಚಿನವರು ಸೋಲುವುದು ಅಲ್ಲೇ. ಎಫ್‌ಎಂ ಅಲೆ ಗುಡ್ಡ ಹತ್ತಿ ಇಳಿಯುವುದಿಲ್ಲ. ನಡುವೆ ಬೆಟ್ಟ ಅಡ್ಡ ನಿಂತರೆ ಕಣಿವೆಯ ಮನೆಯಲ್ಲಿ ಬರೀ ಬುಸುಬುಸು. 103.1 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 2.9 ಮೀಟರ್. ಅದರ ಕಾಲು ಭಾಗ, ಅಂದರೆ 73 ಸೆಂಟಿಮೀಟರ್, ಏರಿಯಲ್‌ಗೆ, ಅಂದರೆ ರೇಡಿಯೋದ ಆಂಟೆನಾ ಕಡ್ಡಿಗೆ, ಒಪ್ಪುವ ಅಳತೆ. ಕಡ್ಡಿ ಗಿಡ್ಡವಾಗಿದ್ದರೆ ತುದಿಗೆ ತಾಮ್ರದ ವೈರ್ ಸುತ್ತಿ ಒಟ್ಟು ಉದ್ದ ಅಷ್ಟಾಗುವಂತೆ ಮಾಡಿ. ತಗಡಿನ ಮಾಡಿನ ಕೆಳಗೆ ಸರಿಯಾಗಿ ಕೇಳದಿದ್ದರೆ ಕಿಟಕಿ ಬಳಿ ಇಡಿ. ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್ ಪಕ್ಕದಲ್ಲಿ ಗೊರಗೊರ ಜಾಸ್ತಿ. ಸ್ಟೀರಿಯೋ ಬಟನ್ ಇದ್ದರೆ ಮೋನೋಗೆ ಹಾಕಿ, ಮಾತು ಸ್ಪಷ್ಟವಾಗುತ್ತದೆ. ಮೊಬೈಲಿನಲ್ಲಿ ಕೇಳುವವರಿಗೆ ವೈರಿನ ಇಯರ್‌ಫೋನೇ ಬೇಕು, ಏಕೆಂದರೆ ಆ ವೈರೇ ಏರಿಯಲ್. ಬ್ಲೂಟೂತ್ ಒಂದೇ ಇದ್ದರೆ ಆಗದು. ಈಗಿನ ಎಷ್ಟೋ ಫೋನುಗಳಲ್ಲಿ ಎಫ್‌ಎಂ ಇರುವುದೇ ಇಲ್ಲ, ಕೊಳ್ಳುವಾಗಲೇ ಕೇಳಿ.

ಇನ್ನು ಸುದ್ದಿ. ಬೆಂಗಳೂರಿನ ಪ್ರದೇಶ ಸಮಾಚಾರ ಇಲ್ಲೂ ಕೇಳಸಿಗುತ್ತದೆ. ಕನ್ನಡದ ಜೊತೆಗೆ ಕೊಡವ ಮತ್ತು ಅರೆಭಾಷೆ ಕಾರ್ಯಕ್ರಮಗಳೂ ಇವೆ. ಕಿರುಚಾಟವಿಲ್ಲ, ಒಂದೇ ದೃಶ್ಯವನ್ನು ಹತ್ತು ಸಲ ತೋರಿಸುವ ಕಾಟವೂ ಇಲ್ಲ. ಕೇಳಿದ್ದನ್ನು ತಿದ್ದಿ ಫಾರ್ವರ್ಡ್ ಮಾಡುವುದು ಅಷ್ಟು ಸುಲಭವಲ್ಲ ಎಂಬುದೇ ನಮ್ಮ ಪ್ರಕಾರ ದೊಡ್ಡ ಗುಣ. ಆದರೆ ಹದಿಮೂರು ವರ್ಷದ ಮಕ್ಕಳನ್ನು ಕೂರಿಸುವ ಗುಣ ಬುಲೆಟಿನ್‌ಗೆ ತಾನಾಗಿ ಇಲ್ಲ. ಭಾಷೆ ಕಚೇರಿಯದು, ಒಮ್ಮೆ ತಪ್ಪಿದರೆ ಹಿಂದಕ್ಕೆ ಹೋಗಲಾಗದು. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆಪ್ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ ಖರ್ಚಾಗುವುದು ಸುಮಾರು 5 ಎಂಬಿ. ನೆಟ್‌ವರ್ಕ್ ಇದ್ದರೆ, ಅನ್ನಿ.

ಮಕ್ಕಳನ್ನು ಹಿಡಿದಿಡುವುದು ಅಂಕಿ. ಪ್ರಾರ್ಥನೆ ವೇಳೆ ಐದು ಹೆಡ್‌ಲೈನ್ ಓದಿಸುವ ಬದಲು ಮಳೆ ಲೆಕ್ಕ ಕೊಟ್ಟು ನೋಡಿ. ತೋಟದ ಮನೆಯವರು ಇಂಚಿನಲ್ಲಿ ಹೇಳುತ್ತಾರೆ, ಇಲಾಖೆ ಮಿಲಿಮೀಟರಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಮನೆಯ ಮಾಪಕದಲ್ಲಿ 4 ಇಂಚು, ಸುದ್ದಿಯಲ್ಲಿ 70 ಮಿ.ಮೀ. ಬಂದರೆ ಸುದ್ದಿ ಸುಳ್ಳೆಂದು ಹಾರಬೇಡಿ. ಹವಾಮಾನ ಇಲಾಖೆಯ ಒಂದು ದಿನವೆಂದರೆ ಬೆಳಿಗ್ಗೆ 8:30ರಿಂದ ಮರುದಿನ 8:30. ಜೊತೆಗೆ ಗುಡ್ಡದ ಆ ಮಗ್ಗುಲಿಗೂ ಈ ಮಗ್ಗುಲಿಗೂ ಮಳೆ ಬೇರೆ. ಕುಶಾಲನಗರ ಕಡೆಯವರಾದರೆ ಹಾರಂಗಿ ಜಲಾಶಯದ ನೀರಿನ ಮಟ್ಟ ಬರೆದಿಡಲಿ. ಗರಿಷ್ಠ 2,859 ಅಡಿ, ಅದಕ್ಕೆ ಇನ್ನೆಷ್ಟು ಬಾಕಿ, ಒಳಹರಿವು ಎಷ್ಟು ಕ್ಯುಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ). ವಾರಕ್ಕೆ ಒಂದು ಗ್ರಾಫ್ ಸಾಕು.

ರಜೆ ಆದೇಶದ ಪರೀಕ್ಷೆಯೂ ಇದರ ಜೊತೆಗೇ ಆಗಬೇಕು. ಮೊದಲು ದಿನಾಂಕಕ್ಕೆ ವಾರ ಹೊಂದುತ್ತದೆಯೇ ನೋಡಿ. 18-07-2024 ಗುರುವಾರ. ಯಾರೋ ಕೊನೆಯ 4 ಅಳಿಸಿ 5 ಮಾಡಿ ವಾರ ಬದಲಿಸುವುದನ್ನು ಮರೆತರೆ ಸಿಕ್ಕಿಬೀಳುತ್ತಾರೆ, ಏಕೆಂದರೆ 18-07-2025 ಶುಕ್ರವಾರ. ಆಮೇಲೆ ತಾಲ್ಲೂಕು. ಮಡಿಕೇರಿ ತಾಲ್ಲೂಕಿಗೆ ಮಾತ್ರ ಎಂಬ ಸಾಲನ್ನು ಕತ್ತರಿಸಿ ಕಳಿಸಿದರೆ ಪೊನ್ನಂಪೇಟೆಯ ಹುಡುಗನೂ ಹೊದ್ದು ಮಲಗುತ್ತಾನೆ. ಚಿತ್ರದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು. ಅಷ್ಟರಿಂದಲೇ ಸುಳ್ಳೆನ್ನಲಾಗದು, ಆದರೆ ಜಿಲ್ಲಾಡಳಿತದ ಅಧಿಕೃತ ಪುಟವನ್ನೋ ಶಾಲೆಯನ್ನೋ ವಿಚಾರಿಸದೆ ಮುಂದೆ ಕಳಿಸಬಾರದು. ಅಂದಹಾಗೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಸಹಿ ಮಸುಕಾಗಿದೆ ಎಂದು ಮಾತ್ರ ನಕಲಿ ಎನ್ನಬೇಡಿ.

ಐದನೇ ತರಗತಿಯಿಂದ ಮೇಲಿನವರಿಗೆ ಈ ಏರ್ಪಾಡು ಕೊಡಬಹುದು. ಚಿಕ್ಕವರಿಗೆ ಬುಲೆಟಿನ್ ಉದ್ದವಾಯಿತು, ಒಬ್ಬರು ಕೇಳಿ ಮೂರು ಸಾಲಿನಲ್ಲಿ ಹೇಳಬೇಕು. ಪಿಯುಸಿ ಹುಡುಗರಿಗೆ ರೇಡಿಯೋ ಒಂದೇ ಸಾಲದು. ಅದೇ ಸುದ್ದಿಯನ್ನು ಮರುದಿನದ 'ಶಕ್ತಿ'ಯಲ್ಲೋ ಬೇರೆ ಪತ್ರಿಕೆಯಲ್ಲೋ ಹುಡುಕಿ, ಎಲ್ಲಿ ಅಂಕಿ ಬದಲಾಯಿತೆಂದು ಗುರುತಿಸಲಿ.

ಮಳೆಗಾಲ ಮುಗಿದ ಮೇಲೆ ಸೆಲ್ ತೆಗೆದಿಡಿ. ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಮುಂದಿನ ಜೂನಿನಲ್ಲಿ ರೇಡಿಯೋ ಉಸಿರೆತ್ತುವುದಿಲ್ಲ.